ಗೇರ್ ಗಾಡಿ ಲೈಸೆನ್ಸ್, ಮೊದಲ ಬೈಕ್: ಬಾಗಲಕೋಟಿ ಕಡೆ ಹಳ್ಳಿ ದಾರಿಗೆ ಯಾವುದು ಬರೋಬ್ಬರಿ?

ಘಟಪ್ರಭಾ ದಂಡಿ
ಎಲ್ಲಾರಿಗೂ ನಮಸ್ಕಾರ್ರಿ. ನಾನು ನವನಗರದಾಗ ಇರ್ತೀನಿ, ವಯಸ್ಸು 22. ಹನಿ ನೀರಾವರಿ ಸಾಮಾನು ಕೂಡಿಸೋ ಕಂಪನಿಯೊಂದರಾಗ ಫೀಲ್ಡ್ ಕೆಲಸಕ್ಕ ಸೇರೀನಿ. ಕಲಾದಗಿ, ಲೋಕಾಪುರ, ಬೀಳಗಿ ಕಡೆ ಹಳ್ಳಿಗೆ ಹೋಗಿ ರೈತರ ಹೊಲ ನೋಡಬೇಕು. ಬಸ್ ಇಳಿದು ಹೊಲದ ತನಕ ಹೋಗಾಕ ಯಾರದರ ಗಾಡಿ ಕಾಯ್ಕೊಂತ ನಿಂತ್ರ ಅರ್ಧ ದಿನ ಅಲ್ಲೇ ಹೋಗಿಬಿಡ್ತೈತಿ.

ಗಾಡಿ ತಗೊಳ್ಳೋದು ಪಕ್ಕಾ. ಜಗಳ ಇರೋದು ಯಾವ ಗಾಡಿ ಅನ್ನೋದರಾಗ. ಅಪ್ಪಾಜಿ, ಕಾಕಾ, ಅಣ್ಣ ಮೂರೂ ಮಂದಿ "ಸ್ಕೂಟಿ ತಗೋ, ಹೆಣ್ಣಮಕ್ಕಳಿಗೆ ಅದ ಛಲೋ" ಅಂತಾರ. ನನಗ ಗೇರ್ ಗಾಡಿನೇ ಬೇಕು. ಹೊಲದ ದಾರಿ ಎಲ್ಲಾ ಕಲ್ಲು, ತಗ್ಗು, ಎರಿ (ಕಪ್ಪು ಮಣ್ಣು). ಸಣ್ಣ ಗಾಲಿ ಅಲ್ಲಿ ನಡೀತೈತಿ ಅಂತ ಅನಸೂದಿಲ್ಲ. ನನ್ನ ಎತ್ತರ 5 ಅಡಿ 1 ಇಂಚು. ಕೈಯಾಗ ಇರೋದು ಆನ್‌ರೋಡ್ ಒಂದು ಲಕ್ಷ, ಜಗ್ಗಿದ್ರ ಒಂದು ಲಕ್ಷ ಹತ್ತು ಸಾವಿರ. ಲೈಸೆನ್ಸ್ ಇನ್ನೂ ಯಾವುದೂ ಇಲ್ಲ.

ಲೈಸೆನ್ಸ್ ನಾನೇ ಮಾಡಿಸ್ಕೋಬಹುದೇನ್ರಿ, ಏಜೆಂಟ್ ಬೇಕೇ ಬೇಕಾ? ನನ್ನ ಎತ್ತರಕ್ಕ ಯಾವ ಬೈಕ್? ಗೇರ್ ಗಾಡಿ ಓಡಸೋ ಅಕ್ಕಾರು ಯಾರರ ಇದ್ರ ದಯವಿಟ್ಟು ಬರೀರಿ.

ಸೆಕ್ಟರ್ ಹುಡುಗ
ಮೊದಲ ಲೈಸೆನ್ಸ್ ಮಾತು ಮುಗಿಸೋಣ. ಅರ್ಜಿ ಹಾಕೋವಾಗ "ಗೇರ್ ಇರೋ ಮೋಟರ್ ಸೈಕಲ್" ಅನ್ನೋ ವರ್ಗ ಆರಸ್ರಿ. ಅದು ಇದ್ರ ಸ್ಕೂಟಿನೂ ಓಡಿಸಬಹುದು. ಬರೇ ಗೇರ್ ಇಲ್ಲದ್ದು ತಗೊಂಡ್ರ ನಾಳೆ ಬೈಕಿಗೆ ಮತ್ತ ಎಲ್‌ಎಲ್ (ಕಲಿಯೋರ ಲೈಸೆನ್ಸ್), ಮತ್ತ ಟೆಸ್ಟ್, ಮತ್ತ ಫೀ. ಮನ್ಯಾಗಿನವರ ಮಾತಿಗೆ ಕಟ್ಟುಬಿದ್ದು ಕಡೀಕ ಸ್ಕೂಟಿನೇ ತಗೊಂಡ್ರೂ ಲೈಸೆನ್ಸ್ ಮಾತ್ರ ಗೇರಿಂದೇ ಇರಲಿ.

ಕೊಲ್ಹಾರ ಸೇತುವೆ
ಏಜೆಂಟ್ ಇಲ್ಲದ ಆಗೂದಿಲ್ಲ ತಂಗಿ. ಸುಮ್ಮನ ನಾಕ ಸಲ ಅಡ್ಡಾಡಿ ಕೆಲಸ ಕೆಡಸ್ಕೊತೀ. ರೊಕ್ಕ ಕೊಟ್ಟು ಮುಗಿಸು.

ಮಲಪ್ರಭಾ ನೀರು
@ಕೊಲ್ಹಾರ ಸೇತುವೆ ಅಣ್ಣಾರ, ಇದನ್ನ ನಾ ಒಪ್ಪೂದಿಲ್ರಿ. ಸರಕಾರದ ಸಾರಥಿ ವೆಬ್‌ಸೈಟ್‌ನ್ಯಾಗ ಆಧಾರ್ ಇ-ಕೆವೈಸಿ ಮಾಡಿದ್ರ ಎಲ್‌ಎಲ್ ಪರೀಕ್ಷೆ ಮನ್ಯಾಗ ಕುಂತೇ ಬರೀಬಹುದು. ರಸ್ತಾ ಸುರಕ್ಷತಾ ವಿಡಿಯೋ ಮೊದಲ ಪೂರ್ತಿ ನೋಡಬೇಕು, ಆಮ್ಯಾಲ ಪ್ರಶ್ನೆ ತೆರೀತಾವ. ಕನ್ನಡ ಆರಿಸಿಕೊಂಡ್ರ ಕನ್ನಡದಾಗ ಬರ್ತಾವ. ಗೆರೆ, ಬೋರ್ಡು, ಯಾರಿಗೆ ಮೊದಲ ದಾರಿ ಬಿಡಬೇಕು, ಇಂಥಾವ ಪ್ರಶ್ನೆ. ಒಂದು ಸಂಜೀ ಓದಿದ್ರ ಸಾಕು.

ಸರಕಾರದ ಫೀ ನೋಡ್ರಿ: ಎಲ್‌ಎಲ್‌ಗೆ 150, ಪರೀಕ್ಷೆಗೆ 50. ಗಾಡಿ ಟೆಸ್ಟಿಗೆ 300, ಡಿಎಲ್‌ಗೆ (ಪಕ್ಕಾ ಲೈಸೆನ್ಸಿಗೆ) 200, ಸ್ಮಾರ್ಟ್ ಕಾರ್ಡಿಗೆ 200. ಎಲ್ಲಾ ಕೂಡಿ ಸಾವಿರದ ಒಳಗ, ಇಲ್ಲಾ ಸಾವಿರದ ಆಸುಪಾಸು. ಏಜೆಂಟರು ಇದರ ಮೂರು ಪಟ್ಟು ನಾಕು ಪಟ್ಟು ಹೇಳ್ತಾರ. ಆ ರೊಕ್ಕದಾಗ ಒಂದು ಚಂದನ ಹೆಲ್ಮೆಟ್ ಬರ್ತೈತಿ.

ಕೊಲ್ಹಾರ ಸೇತುವೆ
ಫೀ ಎಷ್ಟು ಅನ್ನೋದು ನನಗೂ ಗೊತ್ತದ. ನಾ ಹೇಳೋದು ಟೈಮಿನ ಮಾತು. ಕೂಲಿ ಬಿಟ್ಟು ದಿನಾ ಹೋಗಾಕ ಎಲ್ಲಾರಿಗೂ ಆಗೂದಿಲ್ಲ.

ಮಲಪ್ರಭಾ ನೀರು
ದಿನಾ ಯಾಕ ಹೋಗಬೇಕ್ರಿ? ಟೆಸ್ಟಿಗೆ ಸ್ಲಾಟ್ ಬುಕ್ ಮಾಡಿದ್ರ ಆ ದಿನ ಅಷ್ಟ ಹೋಗೋದು. ಎಲ್‌ಎಲ್ ಸಿಕ್ಕು 30 ದಿನ ಆದ ಮ್ಯಾಲ ಟೆಸ್ಟ್ ಕೊಡಬಹುದು, ಎಲ್‌ಎಲ್ ನಡಿಯೋದು 6 ತಿಂಗಳು. ಫೇಲಾದ್ರ 7 ದಿನ ಬಿಟ್ಟು ಮತ್ತ ಕೊಡಬಹುದು. ಮೂರು ಸಲ ಫೇಲಾದ್ರ ಮಾತ್ರ 60 ದಿನ ಕಾಯಬೇಕು.

ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮ್ಯಾಲ ರಾಜ್ಯದೊಳಗ ಯಾವ ಆರ್‌ಟಿಓದಾಗ ಬೇಕಾದ್ರೂ ಅರ್ಜಿ ಹಾಕಬಹುದು. ಬಾಗಲಕೋಟಿಯೊಳಗ ಸ್ಲಾಟ್ ಸಿಗಲಿಲ್ಲಂದ್ರ ಜಮಖಂಡಿ ನೋಡ್ರಿ.

ಕ್ಲಚ್ ಮಾಸ್ತರ (ಬೆಳಗಾವಿ)
ನಾನು ಭಾಳ ವರ್ಷದಿಂದ ಹುಡುಗರಿಗೆ, ಹುಡುಗಿಯರಿಗೆ ಗಾಡಿ ಕಲಿಸ್ತಾ ಬಂದೀನಿ, ಅದಕ್ಕ ಟೆಸ್ಟಿನ ಬಗ್ಗೆ ಜರಾ ಬಿಡಿಸಿ ಬರೀತೀನಿ.

ಬೈಕ್ ಟೆಸ್ಟ್ ಅಂದ್ರ 8 ಹಾಕೋದು. ನೆಲದ ಮ್ಯಾಲ ಎರಡು ಸುತ್ತು ಕೂಡಿದ ಗೆರೆ ಇರ್ತಾವ, ಕಾಲು ನೆಲಕ್ಕ ಊರದ, ಗೆರೆ ದಾಟದ, ಗಾಡಿ ಬಂದ್ ಬೀಳದ ಸುತ್ತಿ ಬರಬೇಕು. ಎಲ್ಲಾರೂ ಬೀಳೋದು ಎರಡು ಕಾರಣಕ್ಕ. ಒಂದು, ಮುಂದಿನ ಗಾಲಿ ನೋಡ್ತಾರ. ಗಾಲಿ ನೋಡಿದ್ರ ಗಾಡಿ ಡೋಲಾಯಮಾನ ಆಕ್ಕೈತಿ. ಕುತ್ತಿಗಿ ಹೊಳ್ಳಿಸಿ ಮುಂದಿನ ತಿರುವು ನೋಡಬೇಕು, ಕೈ ತಾನೇ ಆ ಕಡೆ ಹೊಕ್ಕಾವ. ಎರಡು, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಹೆದರಿ ಮುಂದಿನ ಬ್ರೇಕ್ ಹಿಡೀತಾರ. ಅಲ್ಲೇ ಗಾಡಿ ಮಲಗ್ತೈತಿ.

ಬರೋಬ್ಬರಿ ವಿಧಾನ ಹಿಂಗೈತಿ: ಮೊದಲನೇ ಗೇರ್, ಎಕ್ಸಲೇಟರ್ ಒಂದೇ ಸಮ ಸಣ್ಣಗೆ, ಕ್ಲಚ್ ಅರ್ಧ, ಮುಂದಿನ ಬ್ರೇಕಿನ ಮ್ಯಾಲ ಬೆರಳೇ ಬೇಡ. ವೇಗ ಹೆಚ್ಚಾತು ಅನಿಸಿದ್ರ ಬಲಗಾಲಿಂದ ಹಿಂದಿನ ಬ್ರೇಕ್ ಸವರಬೇಕು. ಬ್ರೇಕ್ ಸವರಿದಾಗ ಕ್ಲಚ್ ಪೂರ್ತಿ ಹಿಡೀಬ್ಯಾಡ್ರಿ. ಕ್ಲಚ್ ಹಿಡಿದ್ರ ಗಾಡಿಗೆ ಜಗ್ಗೋ ಶಕ್ತಿ ಹೋಗಿ ಒಂದು ಕಡೆ ವಾಲ್ತೈತಿ. ಮೊಣಕಾಲು ಟ್ಯಾಂಕಿಗೆ ಹತ್ತಿರಲಿ, ತೋಳು ಸಡಿಲ ಇರಲಿ.

ಕಲಿಯೋವಾಗ ಖಾಲಿ ಬಯಲಿನ್ಯಾಗ ಸುಣ್ಣದ ಗೆರೆ ಹಾಕ್ರಿ. ಮೊದಲ ದೊಡ್ಡ 8, ದಿನಕ್ಕೊಂದಿಷ್ಟು ಸಣ್ಣದು ಮಾಡ್ಕೊಂತ ಹೋಗ್ರಿ. ನವನಗರದಾಗ ಅಗಲ ರಸ್ತೆ, ಖಾಲಿ ಜಾಗ ಬೇಕಾದಷ್ಟು ಅದಾವ, ಬೆಳಗಾವಿಯೊಳಗ ನಮಗ ಅಂಥಾ ಜಾಗ ಹುಡುಕೋದೇ ಕಷ್ಟ.

ಕೈ ಸನ್ನೆನೂ ಕೇಳಬಹುದು. ಬಲಗೈ ನೆಟ್ಟಗೆ ಚಾಚಿದ್ರ ಬಲಕ್ಕ ಹೋಗ್ತೀನಿ ಅಂತ. ಅದೇ ಬಲಗೈ ಚಾಚಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುವಿದ್ರ ಎಡಕ್ಕ. ಅಂಗೈ ಕೆಳಗ ಮಾಡಿ ಮ್ಯಾಲ ಕೆಳಗ ಆಡಿಸಿದ್ರ ವೇಗ ಕಡಿಮಿ ಮಾಡ್ತೀನಿ ಅಂತ.

ಘಟಪ್ರಭಾ ದಂಡಿ
ಮಾಸ್ತರ, ಭಾಳ ಉಪಕಾರ ಆತ್ರಿ. ಕ್ಲಚ್ ಪೂರ್ತಿ ಹಿಡೀಬಾರದು ಅನ್ನೋದು ನನಗ ಯಾರೂ ಹೇಳಿರಲಿಲ್ಲ. ಅಣ್ಣ "ಹೆದರಿಕಿ ಬಂದ್ರ ಕ್ಲಚ್ ಹಿಡಿ" ಅಂತಿದ್ದ.

ಕ್ಲಚ್ ಮಾಸ್ತರ (ಬೆಳಗಾವಿ)
ಗಾಡಿ ನಿಲ್ಲಿಸೋವಾಗ ಅದು ಸರಿ, 8 ಹಾಕೋವಾಗ ಅಲ್ಲ. ಅಣ್ಣನ್ನ ಹಿಂದ ಕೂಡಿಸ್ಕೊಂಡೇ ಕಲೀರಿ. ಎಲ್‌ಎಲ್ ಇದ್ದಾಗ ಲೈಸೆನ್ಸ್ ಇರೋ ಕಲಿಸೋರನ್ನ ಬಿಟ್ಟು ಬ್ಯಾರೆ ಯಾರನ್ನೂ ಹಿಂದ ಕೂಡಿಸಬಾರದು. ಬಿಳಿ ಹಲಗಿ ಮ್ಯಾಲ ಕೆಂಪು "ಎಲ್" ಗಾಡಿಗೆ ಹಿಂದ ಮುಂದ ಎರಡೂ ಕಡೆ ಇರಬೇಕು.

ಖಾನಾಪುರ ಮಳಿ
ನಾನು ಸ್ಕೂಟಿ ಓಡಿಸ್ತೀನಿ, ಅದರ ಪರವಾಗಿ ಒಂದು ಮಾತು. ಯಾರೂ ಸಿಟ್ಟಾಗಬ್ಯಾಡ್ರಿ. ಖಾನಾಪುರದಿಂದ ಬೆಳಗಾವಿಗೆ ದಿನಾ ಬರ್ತೀನಿ, ಸೀಟಿನ ಕೆಳಗ ಟಿಫಿನ್ ಡಬ್ಬಿ, ರೇನ್‌ಕೋಟ್, ಫೈಲು ಎಲ್ಲಾ ಹಿಡೀತಾವ. ಮುಂದ ಕಾಲಿಡೋ ಜಾಗದಾಗ ಸಂತೀ ಚೀಲ. ಸೀರಿ ಉಟ್ಟ ದಿನ ಬೈಕ್ ಮ್ಯಾಲ ಕಾಲು ದಾಟಿಸೋದು ಆಗೂದಿಲ್ಲ. ಮನ್ಯಾಗಿನವರು ಹೇಳೋದ್ರಾಗೂ ಸ್ವಲ್ಪ ಅರ್ಥ ಐತಿ.

ಎರಿ ಭೂಮಿ (ವಿಜಯಪುರ)
@ಖಾನಾಪುರ ಮಳಿ ಅಕ್ಕಾರ, ನಿಮ್ಮ ಡಾಂಬರ್ ರಸ್ತೆಗೆ ಅದು ಸರಿ ಅದ. ಆದ್ರ ಈ ತಂಗಿ ಹೋಗೋದು ಹೊಲಕ್ಕ. ಆಕ್ಟಿವಾದಂಥ ಸ್ಕೂಟಿಗೆ ಹಿಂದಿನ ಗಾಲಿ 10 ಇಂಚು, ಮುಂದಿಂದು 12. ಸ್ಪ್ಲೆಂಡರಿಗೆ ಎರಡೂ 18 ಇಂಚು. ತಗ್ಗಿನ್ಯಾಗ ಸಣ್ಣ ಗಾಲಿ ಇಳೀತದ, ದೊಡ್ಡ ಗಾಲಿ ಮ್ಯಾಲೇ ದಾಟತದ. ಬೈಲ್ ದಾರಿಯೊಳಗ ಈ ವ್ಯತ್ಯಾಸ ಸೊಂಟಕ್ಕ ಹತ್ತತದ.

ಮಳಿಗಾಲದ್ದು ಇನ್ನೊಂದು ಕಥಿ. ಎರಿ ಮಣ್ಣು ಹಸಿ ಆದಾಗ ಗಾಲಿಗೆ ಹತ್ತಿ ಹತ್ತಿ ಮಡ್‌ಗಾರ್ಡಿನ ಸಂದ್ಯಾಗ ಗಟ್ಟಿ ತುಂಬತದ. ಆಮ್ಯಾಲ ಗಾಲಿ ತಿರುಗೂದೇ ಇಲ್ಲ. ಎಕ್ಸಲೇಟರ್ ತಿರುವಿದ್ರ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರತದ, ಗಾಡಿ ಜಾಗಾ ಬಿಟ್ಟು ಕದಲೂದಿಲ್ಲ. ನಮ್ಮ ಕಡೆ ರೈತರು ಟೂಲ್ ಬಾಕ್ಸಿನ್ಯಾಗ ಉದ್ದ ಸ್ಕ್ರೂ ಡ್ರೈವರ್ ಇಲ್ಲಾ ಒಂದು ತುಂಡು ಸಲಾಕಿ ಇಟ್ಟಿರ್ತಾರ, ಅಲ್ಲಲ್ಲಿ ನಿಂತು ಮಣ್ಣು ಕೆರೀತಾರ. ಗಾಡಿ ನೋಡಾಕ ಹೋದಾಗ ಟೈರಿಗೂ ಮುಂದಿನ ಮಡ್‌ಗಾರ್ಡಿಗೂ ನಡುವ ಎಷ್ಟು ಸಂದಿ ಅದ ಅಂತ ಬೆರಳು ಹಾಕಿ ನೋಡ್ರಿ. ಶೋರೂಂನ್ಯಾಗ ಇದನ್ನ ಯಾರೂ ಹೇಳೂದಿಲ್ಲ. ಆ ಸಂದಿ ದೊಡ್ಡದು ಇದ್ದಷ್ಟೂ ಛಲೋ. ಜೋರು ಮಳಿ ಆದ ದಿನ ಮಾತ್ರ ಯಾವ ಗಾಡಿನೂ ಎರಿಯೊಳಗ ಇಳಿಸಬ್ಯಾಡ್ರಿ, ಡಾಂಬರ್ ಮ್ಯಾಲ ನಿಲ್ಲಿಸಿ ನಡಕೊಂತ ಹೋಗ್ರಿ.

ಖಾನಾಪುರ ಮಳಿ
ಎರಿ ಬಗ್ಗೆ ನನಗ ಗೊತ್ತಿರಲಿಲ್ಲ, ನಮ್ಮ ಕಡೆ ಕೆಂಪು ಮಣ್ಣು, ಜಾರೋದೇ ಚಿಂತಿ. ಹೊಲದ ಕೆಲಸಕ್ಕ ಬೈಕ್ ಆಗಲಿ, ಒಪ್ಪಿದೆ.

ಎನ್‌ಎಸ್ ರೈಡರ್ 28
ಅಕ್ಕಾ ಒಂದು ಲಕ್ಷ ಹತ್ತಿದ್ರ ಸ್ವಲ್ಪ ಇಎಂಐ ಸೇರಿಸಿ 200 ಸಿಸಿ ತಗೊಳ್ರಿ. ಒಮ್ಮೆ ತಗೊಳ್ಳೋ ಗಾಡಿ, ಪವರ್ ಇರಬೇಕು. ಸ್ಪ್ಲೆಂಡರ್ ಮುದುಕರ ಗಾಡಿ.

ಲೋಕಾಪುರ ಕ್ರಾಸ್
ತಮ್ಮಾ, ಇನ್ನೂ ಗೇರ್ ಹಾಕಾಕ ಕಲಿಯೋರಿಗೆ ಇಂಥಾ ಸಲಹೆ ಕೊಡಬ್ಯಾಡ. 200 ಸಿಸಿ ಗಾಡಿ 150 ಕೆಜಿ ದಾಟ್ತಾವ. ಹೊಲದ ಬದುವಿನ ಮ್ಯಾಲ ಒಬ್ಬಾಕೆ ಇದ್ದಾಗ ಗಾಡಿ ವಾಲಿದ್ರ ಎತ್ತೋರು ಯಾರು? ಅದೂ ಅಲ್ಲದ ವಿಮಾ ನೋಡು. ಹೊಸಾ ಗಾಡಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮಾ (ಎದುರಿನವರಿಗೆ ಪರಿಹಾರ ಕೊಡೋದು) ಒಮ್ಮೆಲೇ ಕಟ್ಟಬೇಕು. 150 ಸಿಸಿ ಒಳಗಿನ ಗಾಡಿಗೆ 3,851 ರೂಪಾಯಿ, 150 ದಾಟಿದ್ರ 7,365. ಜಿಎಸ್‌ಟಿ ಬ್ಯಾರೆ. ಪೆಟ್ರೋಲು, ಟೈರು, ಚೈನ್ ಸೆಟ್ ಎಲ್ಲಾದರ ಖರ್ಚೂ ಹಿಂಗ ಏರ್ತೈತಿ.

ಎನ್‌ಎಸ್ ರೈಡರ್ 28
ಎಬಿಎಸ್ (ಜೋರು ಬ್ರೇಕ್ ಹಿಡಿದ್ರೂ ಗಾಲಿ ಬಿಗಿದು ನಿಲ್ಲದಂಗ ತಡಿಯೋದು) ಸಿಗ್ತದಲ್ರಿ ದೊಡ್ಡ ಗಾಡಿಗೆ. ಸುರಕ್ಷತೆ ಲೆಕ್ಕಕ್ಕ ಇಲ್ಲೇನು?

ಲೋಕಾಪುರ ಕ್ರಾಸ್
ಅದು ಖರೇ ಮಾತು, ಎಬಿಎಸ್ ಛಲೋನೇ. 2019ರಿಂದ 125 ಸಿಸಿ ಮ್ಯಾಲಿನ ಗಾಡಿಗೆ ಕಡ್ಡಾಯ ಆತು, ಅದಕ್ಕಿಂತ ಸಣ್ಣವಕ್ಕ ಎರಡೂ ಬ್ರೇಕ್ ಕೂಡಿ ಹಿಡಿಯೋ ಸಿಬಿಎಸ್ ಆದ್ರೂ ಇರಬೇಕು ಅಂದ್ರು. ಬಜೆಟ್ ಒಳಗ ಎಬಿಎಸ್ ಬೇಕಂದ್ರ ಕೆಲವು 125 ಗಾಡಿಯೊಳಗ ಈಗ ಕೊಡ್ತಾರ, ಹೀರೋ ಎಕ್ಸ್‌ಟ್ರೀಮ್ 125ಆರ್ ಹಂತಾದ್ರಾಗ. ಅದಕ್ಕ 200 ಸಿಸಿ ಬೇಕಾಗಿಲ್ಲ.

ಇಳಕಲ್ ದಡಿ
ನಾ ಗೇರ್ ಗಾಡಿ ಓಡಸಾಕಿ. ಹುನಗುಂದ ಕಡೆ ಆರೋಗ್ಯ ಇಲಾಖೆ ಕೆಲಸ. ನನ್ನ ಎತ್ತರ ನಿಮಗಿಂತ ಒಂದು ಇಂಚು ಕಡಿಮಿ.

ಎತ್ತರದ ಬಗ್ಗೆ ಮಂದಿ ಸೀಟಿನ ಎತ್ತರ ಅಷ್ಟ ನೋಡ್ತಾರ. ಸೀಟಿನ ಅಗಲಾನೂ ನೋಡಬೇಕು. ಸೀಟ್ ಅಗಲ ಇದ್ರ ತೊಡಿ ಹೊರಗ ಹೊಕ್ಕಾವ, ಪಾದ ನೆಲಕ್ಕ ಹತ್ತೂದಿಲ್ಲ. ಸ್ಪ್ಲೆಂಡರ್ ಪ್ಲಸ್ ಸೀಟ್ 785 ಮಿ.ಮೀ., ತೂಕ 112 ಕೆಜಿ. ಹೋಂಡಾ ಶೈನ್ 100 ಹತ್ತಿರ ಹತ್ತಿರ ಅಷ್ಟೇ ಎತ್ತರ, 786, ಆದ್ರ ತೂಕ 99 ಕೆಜಿ. ಟಿವಿಎಸ್ ರೈಡರ್ 125 ಸೀಟ್ 780, ತೂಕ 123. ಹಂಟರ್ 350 ಸೀಟ್ 790 ಅಂತ ನೋಡಿ ಖುಷಿ ಆಗಬ್ಯಾಡ್ರಿ, ಅದರ ತೂಕ 181 ಕೆಜಿ.

ಶೋರೂಂಗೆ ಹೋದಾಗ ದಿನಾ ಹಾಕೋ ಚಪ್ಪಲಿ ಇಲ್ಲಾ ಬೂಟು ಹಾಕ್ಕೊಂಡ ಹೋಗ್ರಿ, ಎತ್ತರ ಹಿಮ್ಮಡಿ ಹಾಕ್ಕೊಂಡು ಹೋಗಿ ಮೋಸ ಹೋಗಬ್ಯಾಡ್ರಿ. ಕುಂತು ಎರಡೂ ಪಾದದ ಮುಂಭಾಗ ಊರ್ತಾವೇನು, ಒಂದು ಪಾದ ಪೂರ್ತಿ ಊರತೈತೇನು ನೋಡ್ರಿ. ಡಬಲ್ ಸ್ಟ್ಯಾಂಡ್ ನೀವೇ ಹಾಕ್ರಿ, ಸೇಲ್ಸ್ ಹುಡುಗ ಹಾಕಿಕೊಡ್ತೀನಿ ಅಂದ್ರೂ ಬ್ಯಾಡ ಅನ್ರಿ. ಗಾಡಿ ಹಿಂದಕ್ಕ ನೂಕಿ ನೋಡ್ರಿ. ಇವು ಮೂರೂ ಬಂದ್ರ ಆ ಗಾಡಿ ನಿಮ್ಮದು.

ಓಡ್ನಿ ಬಗ್ಗೆ ಹೇಳಲೇಬೇಕು. ಓಡ್ನಿ ಬೆನ್ನ ಹಿಂದ ಬಿಟ್ಟು ಗಾಡಿ ಹೊಡೀಬ್ಯಾಡ್ರಿ, ಚೈನ್ ಇಲ್ಲಾ ಗಾಲಿಗೆ ಸಿಗ್ತೈತಿ. ಸೊಂಟಕ್ಕ ಬಿಗಿದು ಕಟ್ಟಿ ಮ್ಯಾಲ ಒಂದು ಶರ್ಟ್ ಹಾಕ್ರಿ. ಹಿಂದ ಯಾರನ್ನಾದ್ರೂ ಕೂಡಿಸ್ಕೋಬೇಕಂದ್ರ ಸೀರಿ ಗಾರ್ಡ್ ಬಿಚ್ಚಸಬ್ಯಾಡ್ರಿ. ಹಿಂದಿನ ಗಾಲಿಗೆ ಅರ್ಧಕ್ಕಿಂತ ಕಡಿಮಿ ಇಲ್ಲದಂಗ ಮುಚ್ಚು ಇರಬೇಕು ಅಂತ ನಿಯಮನೇ ಐತಿ. ಚಂದ ಕಾಣಸ್ತೈತಿ ಅಂತ ಹುಡುಗರು ಅದನ್ನ ಬಿಚ್ಚಿ ಒಗೀತಾರ, ಆಮ್ಯಾಲ ಅವ್ವನ್ನ ಹಿಂದ ಕೂಡಿಸ್ಕೊಂಡು ಸಂತಿಗೆ ಹೊಕ್ಕಾರ. ನೋಡಿದ್ರ ಎದಿ ಝಲ್ ಅಂತೈತಿ.

ಘಟಪ್ರಭಾ ದಂಡಿ
ಅಕ್ಕಾರ, ನಿಮ್ಮ ಬರಹ ಅಪ್ಪಾಜಿಗೆ ಓದಿ ತೋರಿಸಿದೆ. "ಆಕಿಗೆ ಬರೋದಾದ್ರ ನಿನಗ್ಯಾಕ ಬರೂದಿಲ್ಲ" ಅಂದ್ರು. ಕಾಕಾ ಇನ್ನೂ ಒಪ್ಪಿಲ್ಲ.

ಇಳಕಲ್ ದಡಿ
ಕಾಕಾನ್ನ ಹಿಂದ ಕೂಡಿಸ್ಕೊಂಡು ಒಂದು ಸುತ್ತು ಹೋಗ್ರಿ. ಲೈಸೆನ್ಸ್ ಬಂದ ಮ್ಯಾಲ.

ರಬಕವಿ ಮಗ್ಗ
ಹಳೇ ಗಾಡಿ ಯಾಕ ತಗೋಬಾರದು? ಸಾಂಗ್ಲಿ, ಸೊಲ್ಲಾಪುರ ಕಡೆ ಛಲೋ ಗಾಡಿ ಕಡಿಮಿ ಕಿಮ್ಮತ್ತಿಗೆ ಸಿಗ್ತಾವ. ಕಲಿಯೋರಿಗೆ ಹಳೇದೇ ವಾಸಿ, ಬಿದ್ರೂ ಹೊಟ್ಟಿ ಉರಿಯೂದಿಲ್ಲ.

ಮಲಪ್ರಭಾ ನೀರು
ಹಳೇದು ತಗೊಳ್ಳಲಿ, ಆದ್ರ ಎಂಎಚ್ ಪಾಸಿಂಗ್ (ಮಹಾರಾಷ್ಟ್ರ ನಂಬರಿಂದು) ತಗೊಳ್ಳೋದು ತಲಿನೋವು. ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28 ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಬೇಕು. 12 ತಿಂಗಳಕ್ಕಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳೋದಾದ್ರ ಕೆಎ ನಂಬರ್ ಹಾಕಿಸ್ಲೇಬೇಕು, ಇಲ್ಲಿಯ ರಸ್ತಾ ತೆರಿಗಿ ಕಟ್ಟಬೇಕು. ನಮ್ಮ ರಾಜ್ಯದ ತೆರಿಗಿ ಕಡಿಮಿ ಏನಿಲ್ಲ. ಉಳಿಸಿದ ರೊಕ್ಕ ಅದರಾಗೇ ಹೊಕ್ಕೈತಿ.

ಕೆಎ-29, ಕೆಎ-48, ಕೆಎ-28 ಇಂಥಾ ಸ್ಥಳೀಯ ಗಾಡಿನೇ ನೋಡ್ರಿ. ಎಂಪರಿವಾಹನ್ ಆ್ಯಪಿನ್ಯಾಗ ನಂಬರ್ ಹಾಕಿದ್ರ ಎಷ್ಟನೇ ಮಾಲೀಕರು, ವಿಮಾ ಯಾವಾಗ ಮುಗೀತೈತಿ, ಸಾಲ ಐತೇನು ಎಲ್ಲಾ ಕಾಣಸ್ತೈತಿ. ಸಾಲ ಇದ್ರ ಬ್ಯಾಂಕಿನ ಎನ್‌ಒಸಿ ಮತ್ತ ಸಾಲ ತೀರಿದ್ದಕ್ಕ ಕೊಡೋ ಫಾರ್ಮ್ 35 ಕೈಗೆ ಬರೋತನಕ ರೊಕ್ಕ ಕೊಡಬ್ಯಾಡ್ರಿ. ಮಾಲೀಕರ ಹೆಸರು ಬದಲಿಸೋ ಫಾರ್ಮ್ 29, 30 ಎರಡಕ್ಕೂ ಮಾರಿದವರ ಸಹಿ ಆಗಬೇಕು. ಚಾಸಿ ನಂಬರನ್ನ ಆರ್‌ಸಿ (ನೋಂದಣಿ ಪತ್ರ) ಜೋಡಿ ಒಂದೊಂದೇ ಅಂಕಿ ಹೊಂದಿಸಿ ನೋಡ್ರಿ. ಇನ್ನ 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿ ಇದ್ರ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಹಾಕಿಸ್ಯಾರೇನು ಕೇಳ್ರಿ.

ಗುಮ್ಮಟ ನೆರಳು
ನಂದೊಂದು ಅನುಭವ. ನಾವು ಹೊಸಾ ಗಾಡಿ ತಗೊಂಡಾಗ ಒಂದು ಶೋರೂಂನವರು ಬಿಲ್ಲಿನ್ಯಾಗ "ಹ್ಯಾಂಡ್ಲಿಂಗ್", "ಲಾಜಿಸ್ಟಿಕ್ಸ್", "ಆಕ್ಸೆಸರಿ ಪ್ಯಾಕ್" ಅಂತ ಸಾವಿರಗಟ್ಟಲೆ ಸೇರಿಸಿದ್ರು. ಕೇಳಿದ್ರ "ಎಲ್ಲಾರಿಗೂ ಹಿಂಗೇ ಅದರಿ" ಅಂದ್ರು. ಅದಕ್ಕ ಬುಕ್ ಮಾಡೋ ಮೊದಲ ಎಕ್ಸ್-ಶೋರೂಂ ಎಷ್ಟು, ತೆರಿಗಿ ಎಷ್ಟು, ವಿಮಾ ಎಷ್ಟು ಅಂತ ಕಾಗದದ ಮ್ಯಾಲ ಬ್ಯಾರೆ ಬ್ಯಾರೆ ಬರಿಸ್ಕೋರಿ. ವಿಮಾ ಹೊರಗಿಂದ ಮಾಡಿಸೋ ಹಕ್ಕು ನಿಮಗದ. ಹೊಸಾ ಗಾಡಿ ಜೋಡಿ ಐಎಸ್‌ಐ ಹೆಲ್ಮೆಟ್ ಕೊಡಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 138ರಾಗ ಅದ, ಅದನ್ನೂ ಬಾಯಿಬಿಟ್ಟು ಕೇಳ್ರಿ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಗಾಡಿಗೆ ಜಿಎಸ್‌ಟಿ 28ರಿಂದ 18ಕ್ಕ ಇಳಿದದ. ಹಳೇ ರೇಟಿನ ಪಟ್ಟಿ ಯಾರರ ತೋರಿಸಿದ್ರ ನಂಬಬ್ಯಾಡ್ರಿ.

ಕಿತ್ತೂರ ಕೋಟಿ
ನಮ್ಮ ಕಾಲದಾಗ ಇಷ್ಟೆಲ್ಲಾ ಎಲ್ಲಿ ಇತ್ತು! ನಮ್ಮ ಅಪ್ಪಂದು ರಾಜದೂತ್ ಇತ್ತು, ಎರಡೂ ಕಡೆ ಹಾಲಿನ ಕ್ಯಾನ್ ಹಾಕ್ಕೊಂಡು ಬೈಲಹೊಂಗಲಕ್ಕ ಹೊಕ್ಕಿದ್ರು. ಕಾಕಾಂದು ಯೆಜ್ಡಿ, ಮೈಸೂರಾಗ ತಯಾರಾದದ್ದು. ಕಿಕ್ ಹೊಡಿಯೋ ಕಡ್ಡಿನೇ ಮುಂದಕ್ಕ ಹೊಳ್ಳಿಸಿದ್ರ ಗೇರ್ ಕಡ್ಡಿ ಆಕ್ಕಿತ್ತು. ಆ ಫಡ್ ಫಡ್ ಸಪ್ಪಳ ಊರ ಹೊರಗ ಕೇಳಿದ ಕೂಡಲೇ ಕಾಕೂ ಚಾಕ್ಕ ಇಡ್ತಿದ್ಲು.

ಎನ್‌ಎಸ್ ರೈಡರ್ 28
ಆರ್‌ಎಕ್ಸ್ 100 ಮರೀಬ್ಯಾಡ್ರಿ ಅಜ್ಜಾರ!

ಕಿತ್ತೂರ ಕೋಟಿ
ಅದು 1985ರಾಗ ಬಂತು. ಅದೇ ವರ್ಷ ಹೀರೋ ಹೋಂಡಾದ ಸಿಡಿ 100ನೂ ಬಂತು. ಹಳ್ಳಿ ಮಂದಿ ಗಾಡಿ ಕೊಂಡಿದ್ದು ಸಿಡಿ 100 ಬಂದ ಮ್ಯಾಲ. ಪೆಟ್ರೋಲ್ ಕಡಿಮಿ ಕುಡೀತಿತ್ತು. ಸ್ಪ್ಲೆಂಡರ್ ಅದರ ಮುಂದಿನ ಪೀಳಿಗಿ, 1994ರಿಂದ ಇವತ್ತಿನತನಕ ನಡದೈತಿ. ಮುದುಕರ ಗಾಡಿ ಅಂದ್ಯಲ್ಲ ತಮ್ಮಾ, ಯಾವ ಹಳ್ಳಿಗೆ ಹೋದ್ರೂ ಅದರ ಕ್ಲಚ್ ಕೇಬಲ್ಲು, ಬ್ರೇಕ್ ಶೂ ಕಿರಾಣಿ ಅಂಗಡಿ ಬಾಜೂಕಿನ ಗ್ಯಾರೇಜಿನ್ಯಾಗ ಸಿಗ್ತಾವ. ಹೊಲ ತಿರುಗೋ ಹುಡುಗಿಗೆ ಇದಕ್ಕಿಂತ ದೊಡ್ಡ ಗುಣ ಯಾವುದು ಬೇಕು?

ಬೀಳಗಿ ಕಬ್ಬು
ನಾನು ಹೇಳೋದು ಗಾಡಿ ಬಗ್ಗೆ ಅಲ್ಲ, ರಸ್ತೆ ಬಗ್ಗೆ. ಕಾರ್ಖಾನಿ ಚಾಲೂ ಆದ ಮ್ಯಾಲ ಬೀಳಗಿ, ಮುಧೋಳ, ಜಮಖಂಡಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಎರಡೆರಡು ಟ್ರೇಲರ್, ಹಿಂದ ಲೈಟ್ ಇರೂದಿಲ್ಲ, ರಿಫ್ಲೆಕ್ಟರ್ ಇದ್ರೂ ಕಬ್ಬಿನ ಸೋಗಿ ಅದನ್ನ ಮುಚ್ಚಿರ್ತೈತಿ. ಎದುರಿಗೆ ಬರೋ ಗಾಡಿ ಲೈಟ್ ಕಣ್ಣಿಗೆ ಬಿದ್ದಾಗ ಮುಂದ ಟ್ರೇಲರ್ ಐತಿ ಅನ್ನೋದು ಕಾಣೂದೇ ಇಲ್ಲ. ನಮ್ಮ ಊರಿನ ಹುಡುಗ ಒಬ್ಬ ಹಿಂಗೇ ಹಿಂದಿನಿಂದ ಹೋಗಿ ಹೊಡೆದು ಜೀವಾ ಕಳಕೊಂಡ.

ಫೀಲ್ಡ್ ಕೆಲಸ ಹೊತ್ತು ಮುಳುಗೋದರೊಳಗ ಮುಗಿಸ್ರಿ. ತಡಾ ಆದ್ರ ಆ ಹಳ್ಳಿಯೊಳಗ ಯಾರದರ ಮನ್ಯಾಗ ಉಳೀರಿ, ಕಂಪನಿಯವರು ಏನರ ಅನ್ಲಿ. ಟ್ರ್ಯಾಕ್ಟರ್ ದಾಟಿ ಹೋಗೋವಾಗ ಬಾಜೂಕ ಜೋಲಾಡೋ ಕಬ್ಬು ಎಷ್ಟು ಹೊರಗ ಬಂದೈತಿ ನೋಡ್ಕೊಂಡು ದೂರ ಬಿಟ್ಟು ಹೋಗ್ರಿ, ಮುಖಕ್ಕ ಬಡೀತೈತಿ. ರಸ್ತೆ ಮ್ಯಾಲ ಬಿದ್ದ ಕಬ್ಬಿನ ಜಲ್ಲೆ ಮ್ಯಾಲ ಬ್ರೇಕ್ ಹಿಡೀಬ್ಯಾಡ್ರಿ, ಗಾಲಿ ಉರುಳಿ ಹೊಕ್ಕೈತಿ.

ಎರಿ ಭೂಮಿ (ವಿಜಯಪುರ)
ಇದನ್ನ ಎಲ್ಲಾರೂ ಎರಡು ಸಲ ಓದ್ರಿ. ನಮ್ಮ ಇಂಡಿ ಕಡೇನೂ ಇದೇ ಪರಿಸ್ಥಿತಿ ಅದ.

ಸೆಕ್ಟರ್ ಹುಡುಗ
ಹೆಲ್ಮೆಟ್ ಮಾತು ಯಾರೂ ಪೂರ್ತಿ ಮಾಡಲಿಲ್ಲ. ರಸ್ತೆ ಬದಿ ಸಿಗೋ ಅರ್ಧ ತಲಿ ಮುಚ್ಚೋ ಟೊಪ್ಪಿಗಿ ತಗೋಬ್ಯಾಡ್ರಿ. ಐಎಸ್ 4151 ಅಂತ ಐಎಸ್‌ಐ ಗುರುತಿನ ಜೋಡಿ ಬರೆದಿರಬೇಕು. ಹಾಕ್ಕೊಂಡು ಪಟ್ಟಿ ಬಿಗಿದು ತಲಿ ಅಲ್ಲಾಡಿಸಿದ್ರ ಹೆಲ್ಮೆಟ್ ತಾನೊಂದು ಕಡೆ ತಿರುಗಬಾರದು, ಗಲ್ಲಕ್ಕ ಸ್ವಲ್ಪ ಒತ್ತಬೇಕು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಮತ್ತ ಹಾಕಬಾರದು, ಒಳಗಿನ ಥರ್ಮೋಕೋಲ್ ಒಮ್ಮೆ ಅದುಮಿದ್ರ ಮತ್ತ ಏಳೂದಿಲ್ಲ.

ಕೊಲ್ಹಾರ ಸೇತುವೆ
ಏಪ್ರಿಲ್ ಮೇ ಬಿಸಿಲಾಗ ಪೂರ್ತಿ ಹೆಲ್ಮೆಟ್ ಹಾಕಿದ್ರ ತಲಿ ಬೇಯತದ ಮಾರಾಯ. ವಿಜಯಪುರದ ಬಿಸಿಲು ನೀ ನೋಡಿಲ್ಲ.

ಗುಮ್ಮಟ ನೆರಳು
ನಾ ಅದೇ ಬಿಸಿಲಾಗ ಇರಾವ. ಒಳಗ ತೆಳ್ಳನ ಹತ್ತಿ ವಸ್ತ್ರ ಕಟ್ಟಿ ಹಾಕ್ಕೊತೀನಿ, ಬೆವರು ಹೀರ್ಕೊಳ್ಳತದ, ದಿನಾ ಒಗೀಬಹುದು. ಗಾಳಿ ಕಿಂಡಿ ಇರೋ, ಬಿಳಿ ಬಣ್ಣದ ಹೆಲ್ಮೆಟ್ ತಗೊಳ್ರಿ. ಬಿಸಿಗಾಳಿ, ಧೂಳು, ಸಂಜಿ ಮುಂದ ಕಣ್ಣಿಗೆ ಬಡಿಯೋ ಹುಳ ಎಲ್ಲಾ ತಡೀತದ. ಸೊಲ್ಲಾಪುರ ರಸ್ತೆಗೆ ಬರ್ರಿ, ಬರೇ ಮುಖದಾಗ ಗಾಡಿ ಹೊಡದು ನೋಡ್ರಿ, ಆಮ್ಯಾಲ ನೀವೇ ಹೆಲ್ಮೆಟ್ ಕೇಳ್ತೀರಿ.

ಕೊಲ್ಹಾರ ಸೇತುವೆ
ವಸ್ತ್ರದ ಮಾತು ಛಲೋ ಅದ, ನೋಡ್ತೀನಿ.

ಅಂಗನವಾಡಿ ಅಂಗಳ
ಇಲ್ಲಿ ಒಂದು ಮಾತು ಕೇಳ್ಲೇಬೇಕು. ನಮ್ಮ ಓಣಿಯೊಳಗ ಹತ್ತನೇ ಇಯತ್ತೆ ಹುಡುಗರೇ ಬೈಕ್ ಮ್ಯಾಲ ಟ್ಯೂಷನ್‌ಗೆ ಹೊಕ್ಕಾವ. ಅವ್ವ ಅಪ್ಪ ಹೆಮ್ಮಿಯಿಂದ ಕೀ ಕೊಡ್ತಾರ. ಇದಕ್ಕ ಕಾನೂನು ಏನೂ ಇಲ್ಲೇನ್ರಿ?

ಮಲಪ್ರಭಾ ನೀರು
ಐತ್ರಿ, ಭಾಳ ಕಟ್ಟುನಿಟ್ಟಾಗಿ ಐತಿ. 2019ರ ತಿದ್ದುಪಡಿಯೊಳಗ 199ಎ ಅಂತ ಹೊಸಾ ಕಲಂ. 18 ತುಂಬದ ಹುಡುಗ ಗಾಡಿ ಓಡಿಸಿ ಅಪರಾಧ ಆದ್ರ ಪಾಲಕರಿಗೆ ಇಲ್ಲಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ಗಾಡಿ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬೋತನಕ ಲೈಸೆನ್ಸ್ ಸಿಗೂದಿಲ್ಲ. 16 ತುಂಬಿದವರು ಓಡಿಸಬಹುದಾದದ್ದು 50 ಸಿಸಿ ಒಳಗಿನ ಗಾಡಿ ಅಷ್ಟ, ಅದಕ್ಕೂ ಪಾಲಕರ ಒಪ್ಪಿಗಿ ಬೇಕು, ಲೈಸೆನ್ಸೂ ಬೇಕು.

ಅಂಗನವಾಡಿ ಅಂಗಳ
25ರ ತನಕ ಲೈಸೆನ್ಸ್ ಇಲ್ಲ ಅನ್ನೋದನ್ನ ನಾಳೆ ಪಾಲಕರ ಸಭೆಯೊಳಗ ಓದಿ ಹೇಳ್ತೀನ್ರಿ.

ಲೋಕಾಪುರ ಕ್ರಾಸ್
ಲೈಸೆನ್ಸ್ ಇಲ್ಲದ ಅಪಘಾತ ಆದ್ರ ವಿಮಾದ ಮಾತೂ ಹೇಳ್ರಿ ಅವರಿಗೆ. ಎದುರಿನವರಿಗೆ ಕಂಪನಿ ಪರಿಹಾರ ಕೊಟ್ಟು, ಆಮ್ಯಾಲ ಗಾಡಿ ಮಾಲೀಕರ ಕಡಿಂದ ವಸೂಲಿ ಮಾಡಬಹುದು. ಹೊಲ ಮಾರೋ ಹೊತ್ತು ಬರ್ತೈತಿ. ಮಾಲೀಕರಿಗಂತ ಇರೋ 15 ಲಕ್ಷದ ಅಪಘಾತ ವಿಮಾನೂ ಲೈಸೆನ್ಸ್ ಇಲ್ಲದವರಿಗೆ ಸಿಗೂದಿಲ್ಲ.

ಘಟಪ್ರಭಾ ದಂಡಿ
ಎಲ್‌ಎಲ್ ಇದ್ದಾಗ ಅಪಘಾತ ಆದ್ರ ವಿಮಾ ನಡೀತೈತೇನ್ರಿ?

ಲೋಕಾಪುರ ಕ್ರಾಸ್
ನಡೀತೈತಿ. ಎಲ್‌ಎಲ್ ಕೂಡ ಲೈಸೆನ್ಸೇ ಅಂತ 2004ರ ಸ್ವರಣ್ ಸಿಂಗ್ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳೈತಿ. ಆದ್ರ ಎಲ್ ಬೋರ್ಡ್, ಕಲಿಸೋರು ಜೋಡಿ ಇರೋದು, ಈ ಷರತ್ತು ಪಾಲಿಸ್ರಿ.

ಘಟಪ್ರಭಾ ದಂಡಿ
ಇವತ್ತು ಅಪ್ಪಾಜಿ ಜೋಡಿ ಎರಡು ಶೋರೂಂಗೆ ಹೋಗಿ ಬಂದೆ. ಶೈನ್ 100 ಮ್ಯಾಲ ಎರಡೂ ಕಾಲು ಊರಿದ್ವು, ಡಬಲ್ ಸ್ಟ್ಯಾಂಡ್ ಒಂದೇ ಸಲಕ್ಕ ಬಂತು. ಸ್ಪ್ಲೆಂಡರ್ ಕೂಡ ಬಂತು, ಜರಾ ಜೋರು ಬೇಕಾತು. ರೈಡರ್ ಚಂದ ಐತಿ, ಕುಂತಾಗ ಕಾಲೂ ಊರಿದ್ವು, ಆದ್ರ ಎರಿ ಭೂಮಿ ಅಣ್ಣಾರು ಹೇಳಿದಂಗ ಮಡ್‌ಗಾರ್ಡಿನ ಸಂದಿಯೊಳಗ ಬೆರಳು ಹಾಕಿ ನೋಡಿದೆ. ಸೇಲ್ಸ್ ಹುಡುಗ "ಏನ್ ನೋಡ್ತೀರಿ ಮೇಡಂ" ಅಂದ. ಹೇಳಿದ ಮ್ಯಾಲ ತಾನೂ ಕುಂತು ನೋಡಿದ.

ಮನಸ್ಸು ಸ್ಪ್ಲೆಂಡರ್ ಕಡೆ ವಾಲೈತಿ. ಲೋಕಾಪುರದಿಂದ ಆಚೆ ಹಳ್ಳಿಯೊಳಗ ಬಿಡಿ ಸಾಮಾನು ಸಿಗೋದೇ ನನಗ ಮುಖ್ಯ. ಒಂದೇ ಚಿಂತಿ: ಅಣ್ಣನ ಪಲ್ಸರ್ ಮ್ಯಾಲ ಕಲಿಯಾಕ ಹತ್ತೀನಿ, ಅದಕ್ಕ ಒಂದನೇ ಗೇರ್ ಕೆಳಗ, ಉಳಿದವು ಮ್ಯಾಲ. ಸ್ಪ್ಲೆಂಡರಿಗೆ ನಾಕೂ ಗೇರ್ ಮುಂದಿನ ಕಡ್ಡಿ ಒತ್ತೋದು. ಕಾಲಿಗೆ ಗೊಂದಲ ಆಗೂದಿಲ್ಲೇನ್ರಿ ಮಾಸ್ತರ?

ಕ್ಲಚ್ ಮಾಸ್ತರ (ಬೆಳಗಾವಿ)
ಆಕ್ಕೈತಿ, ಖಂಡಿತ ಆಕ್ಕೈತಿ. ಪಲ್ಸರಿನ್ಯಾಗ ಗೇರ್ ಇಳಿಸಾಕ ಒತ್ತೋ ರೂಢಿ ಆದ ಕಾಲು ಸ್ಪ್ಲೆಂಡರಿನ್ಯಾಗ ಒತ್ತಿದ್ರ ಗೇರ್ ಏರ್ತೈತಿ. ತಿರುವಿನ್ಯಾಗ ಎಂಜಿನ್ ಹಿಡೀತೈತಿ ಅಂತ ನಂಬಿ ಒತ್ತಿದಾಗ ಗಾಡಿ ಸಡಿಲ ಬಿಟ್ಟಂಗ ಮುಂದ ಓಡ್ತೈತಿ. ಅದಕ್ಕ ಯಾವ ಗಾಡಿ ತಗೊತೀರೋ ಅದೇ ಗಾಡಿ ಮ್ಯಾಲ ಕಲೀರಿ, ಅದೇ ಗಾಡಿ ಮ್ಯಾಲ ಟೆಸ್ಟ್ ಕೊಡ್ರಿ. ಗಾಡಿ ಕೊಳ್ಳಾಕ, ನಿಮ್ಮ ಹೆಸರಿಗೆ ಆರ್‌ಸಿ ಮಾಡಸಾಕ ಲೈಸೆನ್ಸ್ ಬೇಕಾಗಿಲ್ಲ. ಎಲ್‌ಎಲ್ ಬಂದ ಕೂಡಲೇ ಗಾಡಿ ತಗೊಂಡು ಆ ಒಂದು ತಿಂಗಳು ಅದರ ಮ್ಯಾಲೇ ಕೈ ಕೂಡಿಸ್ರಿ. ಸ್ಪ್ಲೆಂಡರ್ ಹಗುರ, ತಿರುವು ಸಣ್ಣದು, 8 ಹಾಕಾಕ ಅದರಷ್ಟು ಸಲೀಸು ಗಾಡಿ ಕಡಿಮಿ.

ಇಳಕಲ್ ದಡಿ
ಮಾಸ್ತರು ಹೇಳಿದ್ದೇ ಸರಿ. ನೀವು ಸ್ಪ್ಲೆಂಡರ್ ತಗೊಂಡ್ರ ಹಿಂದ ಒಂದು ಕ್ಯಾರಿಯರ್ ಹಾಕಿಸ್ರಿ, ಪೈಪಿನ ಸ್ಯಾಂಪಲ್, ಫೈಲು ಇಡಾಕ ಬೇಕಾಕ್ಕೈತಿ. ಖಾನಾಪುರ ಅಕ್ಕಾರ ಹೇಳಿದ ಸಾಮಾನು ಇಡೋ ಜಾಗದ ಕೊರತಿ ಅಲ್ಲಿಗೆ ಮುಗೀತು.

ಖಾನಾಪುರ ಮಳಿ
ಬರೋಬ್ಬರಿ. ಲೈಸೆನ್ಸ್ ಬಂದ ಮ್ಯಾಲ ಜಾಂಬೋಟಿ ಕಡೆ ಬರ್ರಿ, ಚೋರ್ಲಾ ಘಾಟ್ ತೋರಿಸ್ತೀನಿ. ಮಳಿಗಾಲದಾಗ ಬ್ಯಾಡ, ಕಣಕುಂಬಿ ದಾಟಿದ ಮ್ಯಾಲ ಮಂಜು ಬಿದ್ದು ಮುಂದಿನ ಗಾಡಿ ಕಾಣೂದಿಲ್ಲ.

ರಬಕವಿ ಮಗ್ಗ
ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಮ್ಮ ಅಪ್ಪಂದು ಲೈಸೆನ್ಸ್ ಹೋದ ತಿಂಗಳು ಮುಗಿದೈತಿ, ವಯಸ್ಸು 52. ಮತ್ತ 8 ಹಾಕಬೇಕೇನ್ರಿ?

ಮಲಪ್ರಭಾ ನೀರು
ಬೇಕಾಗಿಲ್ಲ. ಮುಗಿದು ಒಂದು ವರ್ಷದೊಳಗ ಅರ್ಜಿ ಹಾಕಿದ್ರ ಟೆಸ್ಟ್ ಇಲ್ಲ, ವರ್ಷ ದಾಟಿದ್ರ ಟೆಸ್ಟ್ ಕೊಡಬೇಕು. 40 ದಾಟಿದವರಿಗೆ ಡಾಕ್ಟರ್ ಸಹಿ ಮಾಡಿದ ಫಾರ್ಮ್ 1ಎ ಬೇಕು. 50ರಿಂದ 55ರೊಳಗ ಇರೋದರಿಂದ ಹೊಸಾದು 60 ವಯಸ್ಸಿನ ತನಕ ನಡೀತೈತಿ. ಮೊದಲಿನ 30 ದಿನದ ರಿಯಾಯಿತಿ ಈಗಿಲ್ಲ, ಅದಕ್ಕ ಹೊಸಾದು ಬರೋತನಕ ಅಪ್ಪಾರಿಗೆ ಗಾಡಿ ಕೊಡಬ್ಯಾಡ್ರಿ.

ರಬಕವಿ ಮಗ್ಗ
ನಾಳೆನೇ ಡಾಕ್ಟರ್ ಕಡೆ ಕರಕೊಂಡು ಹೊಕ್ಕೀನ್ರಿ.